ಹಲವು ಚರಗಳ ಆವರ್ತಕ ಫಂಕ್ಷನ್‌ಗೆ ಕ್ವಾಸಿ-ಇಂಟರ್‌ಪೊಲೇಶನ್: ಉತ್ತರ ಸರಿ ಬರದಿದ್ದಾಗ ಎಲ್ಲಿ ಹುಡುಕಬೇಕು

ಒಂದು ಫಂಕ್ಷನ್ ಎಲ್ಲ ದಿಕ್ಕಿನಲ್ಲೂ 2 ಪೈ ದೂರಕ್ಕೊಮ್ಮೆ ಮರುಕಳಿಸುತ್ತದೆ. ಪ್ರತಿ ದಿಕ್ಕಿನಲ್ಲಿ ಎನ್ ಬಿಂದುಗಳಂತೆ ಒಂದು ಗ್ರಿಡ್ ಹಾಕಿ ಅದರ ಬೆಲೆಗಳನ್ನು ತೆಗೆದುಕೊಂಡಿದ್ದೀರಿ. ಪ್ರತಿ ಬಿಂದುವಿನಲ್ಲೂ ಒಂದು ಕರ್ನಲ್ (ಬಿಂದುವಿನ ಹತ್ತಿರ ಎದ್ದು ದೂರದಲ್ಲಿ ಇಳಿಯುವ ಗುಡ್ಡದಂಥ ಫಂಕ್ಷನ್) ಕೂರಿಸಿ, ಅಲ್ಲಿನ ಸ್ಯಾಂಪಲ್‌ನಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿದ್ದೀರಿ. ಇದೇ ಕ್ವಾಸಿ-ಇಂಟರ್‌ಪೊಲೇಶನ್. ಯಾವ ಸಮೀಕರಣವನ್ನೂ ಬಿಡಿಸಬೇಕಿಲ್ಲ. ಈ ವಿಧಾನದ ಸೊಗಸೇ ಅದು. ಆದರೆ ಉತ್ತರ ಸರಿ ಬಂದಿಲ್ಲ.

ಇಂಥ ಹೊತ್ತಲ್ಲಿ ಹೆಚ್ಚಿನವರು ಮೊದಲು ಮಾಡುವುದು ಎನ್ ಅನ್ನು ಜಾಸ್ತಿ ಮಾಡುವುದು. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. 3 ಆಯಾಮದಲ್ಲಿ ಎನ್ ಇಮ್ಮಡಿಯಾದರೆ ಕೆಲಸ 8 ಪಟ್ಟಾಗುತ್ತದೆ. ಎರರ್ ಸ್ವಲ್ಪ ಇಳಿದಂತೆ ಕಾಣುತ್ತದೆ, ನಿಜವಾದ ತೊಂದರೆ ಮಾತ್ರ ಅಡಗಿ ಕೂರುತ್ತದೆ. ಈ ವಿಧಾನದ ಬಹುತೇಕ ದೋಷಗಳನ್ನು 16 ಅಥವಾ 32 ಬಿಂದುಗಳ ಸಣ್ಣ ಗ್ರಿಡ್‌ನಲ್ಲಿ, ಒಂದೇ ಒಂದು ಅಲೆ ಕೊಟ್ಟು ಹಿಡಿಯಬಹುದು.

ಶುರು ಮಾಡುವ ಮುಂಚೆ ಎಚ್ಚರಿಕೆ

ಮೂಲ ಸ್ಯಾಂಪಲ್‌ಗಳ ಒಂದು ಪ್ರತಿಯನ್ನು ಬೇರೆ ಕಡೆ ಇಡಿ. ಕೆಲವು ಪ್ರೋಗ್ರಾಂಗಳು ಎಫ್ಎಫ್‌ಟಿ (ಫೂರಿಯೆ ಸಹಗುಣಕಗಳನ್ನು ಬೇಗ ಲೆಕ್ಕ ಹಾಕುವ ವಿಧಾನ) ಮಾಡುವಾಗ ಒಳಗೆ ಕೊಟ್ಟ ಅರೇ ಮೇಲೆಯೇ ಬರೆದುಬಿಡುತ್ತವೆ. ದೋಷ ಸಿಗುವವರೆಗೆ ಈ ಫಲಿತಾಂಶವನ್ನು ಇನ್ನೊಂದು ಲೆಕ್ಕಕ್ಕೆ ಕೊಡಬೇಡಿ. ಅದರಲ್ಲೂ ಯಂತ್ರದ ನಿಯಂತ್ರಣ, ಕಟ್ಟಡದ ಭಾರದ ಲೆಕ್ಕ, ಔಷಧದ ಪ್ರಮಾಣದಂಥ ಕೆಲಸಕ್ಕೆ ಖಂಡಿತ ಬೇಡ. ನಯವಾಗಿ ಕಾಣುವ ಚಿತ್ರ ಸರಿಯಾದ ಚಿತ್ರವೇ ಆಗಬೇಕೆಂದಿಲ್ಲ.

ಮೊದಲ ಸಲಕರಣೆ: ಒಂಟಿ ಅಲೆ

ನಿಮ್ಮ ಫಂಕ್ಷನ್ ಪಕ್ಕಕ್ಕಿಡಿ. ಅದರ ಜಾಗದಲ್ಲಿ ಒಂದೇ ಫ್ರೀಕ್ವೆನ್ಸಿಯ ಅಲೆ ಕೊಡಿ. 2 ಚರಗಳಿದ್ದರೆ (0,0), (1,0), (0,1), (1,1), ಆಮೇಲೆ (3,2). ಇಲ್ಲಿ ಅಲೆ ಎಂದರೆ ಕಾಂಪ್ಲೆಕ್ಸ್ ಎಕ್ಸ್‌ಪೊನೆನ್ಶಿಯಲ್. ಹೊರಬಂದದ್ದನ್ನು 4 ಪಟ್ಟು ಸಣ್ಣ ಅಂತರದ ಗ್ರಿಡ್‌ನಲ್ಲಿ ಲೆಕ್ಕ ಹಾಕಿ, ಅದರ ಫೂರಿಯೆ ಸಹಗುಣಕಗಳನ್ನು, ಅಂದರೆ ಯಾವ ಫ್ರೀಕ್ವೆನ್ಸಿಯ ಅಲೆ ಎಷ್ಟು ಬೆರೆತಿದೆ ಎಂಬುದನ್ನು, ನೋಡಿ.

ಅಲ್ಲಿ ಎರಡು ಸಂಗತಿ ಕಾಣಿಸುತ್ತವೆ. ಒಂದು, ಕೊಟ್ಟ ಫ್ರೀಕ್ವೆನ್ಸಿಯಲ್ಲಿ ಹೊರಬಂದ ಸಹಗುಣಕ. ಇದು 1 ಇರಬೇಕು. ಎರಡು, ಆ ಫ್ರೀಕ್ವೆನ್ಸಿಗೆ ಎನ್‌ನ ಗುಣಕಗಳನ್ನು ಕೂಡಿಸಿದಾಗ ಸಿಗುವ ಜಾಗಗಳು. ಎನ್ 32 ಇದ್ದು (1,0) ಕೊಟ್ಟಿದ್ದರೆ (33,0), (-31,0), (1,32) ಹೀಗೆ. ಅಲ್ಲೆಲ್ಲ 0 ಇರಬೇಕು. ಮೊದಲನೆಯದು 1 ಆಗದಿದ್ದರೆ ಅಲೆ ಕುಗ್ಗಿದೆ ಅಥವಾ ಹಿಗ್ಗಿದೆ. ಎರಡನೆಯ ಕಡೆ ಸೊನ್ನೆ ಇಲ್ಲದಿದ್ದರೆ ಅಲೆ ಸೋರಿದೆ. ಒಂದೇ ಸಮನಾದ ಗ್ರಿಡ್ ಮೇಲಿನ ಕ್ವಾಸಿ-ಇಂಟರ್‌ಪೊಲೇಶನ್‌ನಲ್ಲಿ ಒಂಟಿ ಅಲೆಗೆ ಇವೆರಡು ಬಿಟ್ಟು ಮೂರನೆಯ ಬಗೆಯ ತಪ್ಪು ಇರಲು ಸಾಧ್ಯವಿಲ್ಲ. ಬೇರೆ ಯಾವುದೋ ಫ್ರೀಕ್ವೆನ್ಸಿಯಲ್ಲಿ ಏನಾದರೂ ಕಂಡರೆ, ತಪ್ಪು ವಿಧಾನದಲ್ಲಿಲ್ಲ, ಕೋಡ್‌ನಲ್ಲಿದೆ.

ಲಕ್ಷಣ: ಉತ್ತರದಲ್ಲಿ ಎಲ್ಲ ಕಡೆ «ಸಂಖ್ಯೆ ಅಲ್ಲ» ಅಂತ ಬರುತ್ತಿದೆ

ಒಂದೇ ಒಂದು ಸ್ಯಾಂಪಲ್ ಕೆಟ್ಟಿದ್ದರೂ ಸಾಕು. ಎಫ್ಎಫ್‌ಟಿಯ ಪ್ರತಿ ಸಹಗುಣಕದಲ್ಲೂ ಪ್ರತಿ ಸ್ಯಾಂಪಲ್ ಸೇರಿರುತ್ತದೆ, ಹಾಗಾಗಿ ಒಂದು ಕೆಟ್ಟರೆ ಎಲ್ಲವೂ ಕೆಡುತ್ತದೆ. ಬಿ-ಸ್ಪ್ಲೈನ್ (ಬಹುಪದದ ತುಂಡುಗಳನ್ನು ನಯವಾಗಿ ಜೋಡಿಸಿದ ಗುಡ್ಡ) ತರಹದ ಚಿಕ್ಕ ಕರ್ನಲ್‌ಗಳನ್ನು ನೇರವಾಗಿ ಕೂಡಿಸಿದ್ದರೆ ಕೆಟ್ಟ ಜಾಗ ಒಂದು ತೇಪೆಯಷ್ಟೇ ಇರುತ್ತದೆ. ಸ್ಯಾಂಪಲ್‌ಗಳಲ್ಲಿ ಹುಡುಕಿ. 0 ಇಂದ ಭಾಗಿಸಿದ ಬಿಂದು ಗ್ರಿಡ್ ಮೇಲೆ ಸರಿಯಾಗಿ ಬಿದ್ದಿರುತ್ತದೆ, ಹೆಚ್ಚಾಗಿ ಮೂಲಬಿಂದುವಿನಲ್ಲೇ. ಅದನ್ನು ಸುಮ್ನೆ 0 ಮಾಡಿ ಮುಂದೆ ಹೋಗಬೇಡಿ, ಆ ಬಿಂದುವಿನ ನಿಜವಾದ ಬೆಲೆ ಕಂಡುಕೊಳ್ಳಿ.

ಲಕ್ಷಣ: ಆಕಾರ ಸರಿ ಇದೆ, ಅಳತೆ ತಪ್ಪು

ಸ್ಥಿರ ಫಂಕ್ಷನ್ 1 ಕೊಡಿ. 1 ಬಂತೇ? ಎನ್‌ನ ಡಿ ಘಾತದಷ್ಟು (ಡಿ ಎಂದರೆ ಆಯಾಮಗಳ ಸಂಖ್ಯೆ) ದೊಡ್ಡದಾಗಿ ಅಥವಾ ಅಷ್ಟೇ ಚಿಕ್ಕದಾಗಿ ಬಂದರೆ ಎಫ್ಎಫ್‌ಟಿಯ ಭಾಗಾಕಾರವನ್ನು ಎರಡು ಸಲ ಮಾಡಿದ್ದೀರಿ ಅಥವಾ ಒಂದೂ ಸಲ ಮಾಡಿಲ್ಲ. ಪೈಥಾನ್‌ನ ಲೆಕ್ಕದ ಲೈಬ್ರರಿ ನಮ್‌ಪೈ ಹೋಗುವಾಗ ಭಾಗಿಸುವುದಿಲ್ಲ, ಹಿಂದಿರುಗುವಾಗ ಭಾಗಿಸುತ್ತದೆ. ಬೇರೆ ಲೈಬ್ರರಿಗಳು ಎರಡೂ ಕಡೆ ಬಿಟ್ಟಿರಬಹುದು. 2 ಪೈಯ ಘಾತದಷ್ಟು ವ್ಯತ್ಯಾಸ ಬಂದರೆ, ಒಂದು ಕಡೆ ಆವರ್ತ 1 ಎಂದೂ ಇನ್ನೊಂದು ಕಡೆ 2 ಪೈ ಎಂದೂ ಇಟ್ಟುಕೊಂಡಿದ್ದೀರಿ.

ಇದು 5 ನಿಮಿಷದ ಕೆಲಸ. ಸ್ಥಿರ ಫಂಕ್ಷನ್ ಸರಿ ಬರುವವರೆಗೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ.

ಲಕ್ಷಣ: ಚಿತ್ರ ಸರಿದಿದೆ, ಅಥವಾ ಅಡ್ಡ-ಉದ್ದ ಬದಲಾಗಿದೆ

(1,0) ಅಲೆ ಕೊಟ್ಟಾಗ (0,1) ರಲ್ಲಿ ಹೊರಬಂದರೆ ಅಕ್ಷಗಳು ಅದಲುಬದಲಾಗಿವೆ. ಗ್ರಿಡ್ ಕಟ್ಟಿಕೊಡುವ ನಮ್‌ಪೈನ ಮೆಶ್‌ಗ್ರಿಡ್ ತಾನಾಗಿಯೇ 'ಎಕ್ಸ್‌ವೈ' ಕ್ರಮ ಹಿಡಿಯುತ್ತದೆ, ಅದರಲ್ಲಿ ಮೊದಲ ಎರಡು ಅಕ್ಷ ತಿರುವುಮುರುವು. 'ಐಜೆ' ಎಂದು ನೀವೇ ಹೇಳಬೇಕು. ಎಕ್ಸ್ ಮತ್ತು ವೈ ಎರಡಕ್ಕೂ ಒಂದೇ ರೀತಿ ಇರುವ ಫಂಕ್ಷನ್‌ನಲ್ಲಿ ಈ ತಪ್ಪು ಕಾಣುವುದೇ ಇಲ್ಲ. ಪರೀಕ್ಷೆಗೆ ಅಂಥದ್ದನ್ನು ಆರಿಸಬೇಡಿ.

ಸಹಗುಣಕದ ಗಾತ್ರ 1 ಇದ್ದು ಕೋನ ಮಾತ್ರ ತಿರುಗಿದ್ದರೆ ಅದು ಸರಿದಾಟ. ಸ್ಯಾಂಪಲ್‌ಗಳು ಚೌಕದ ನಡುವಿನವು, ಕರ್ನಲ್ ಕೂತಿರುವುದು ಚೌಕದ ಮೂಲೆಯಲ್ಲಿ. ಆಗ ಫ್ರೀಕ್ವೆನ್ಸಿ 1 ಕ್ಕೆ ಪೈ ಭಾಗ ಎನ್‌ನಷ್ಟು ಕೋನ ತಿರುಗುತ್ತದೆ, ಫ್ರೀಕ್ವೆನ್ಸಿ 2 ಕ್ಕೆ ಅದರ ಎರಡರಷ್ಟು. ಈ ಅನುಪಾತ ಕಂಡರೆ ಬೇರೆ ಅನುಮಾನ ಬೇಡ.

ಲಕ್ಷಣ: ಗ್ರಿಡ್ ಬಿಂದುಗಳಲ್ಲೇ ಸ್ಯಾಂಪಲ್ ಜೊತೆ ತಾಳೆ ಆಗುತ್ತಿಲ್ಲ

ಇದು ದೋಷ ಅಲ್ಲ. ಇಂಟರ್‌ಪೊಲೇಶನ್ ಬಿಂದುಗಳಲ್ಲಿ ಸರಿಯಾಗಿ ಕೂರಲೇಬೇಕು, ಕ್ವಾಸಿ-ಇಂಟರ್‌ಪೊಲೇಶನ್‌ಗೆ ಆ ಕಟ್ಟು ಇಲ್ಲ. ಅದನ್ನು ಬಿಟ್ಟುಕೊಟ್ಟಿದ್ದಕ್ಕೆ ಪ್ರತಿಫಲವೂ ಇದೆ. ಟ್ರಿಗೊನೊಮೆಟ್ರಿಕ್ ಇಂಟರ್‌ಪೊಲೇಶನ್‌ನಲ್ಲಿ ಕೆಟ್ಟ ಸ್ಯಾಂಪಲ್‌ಗಳು ಉತ್ತರವನ್ನು ಎಷ್ಟು ಹಿಗ್ಗಿಸಬಲ್ಲವು ಎಂಬ ಮಿತಿ ಎನ್‌ನ ಲಾಗರಿಥಮ್‌ನಂತೆ ಬೆಳೆಯುತ್ತದೆ. ಡಿ ಆಯಾಮದ ಚೌಕ ಗ್ರಿಡ್‌ನಲ್ಲಿ ಆ ಲಾಗರಿಥಮ್‌ನ ಡಿ ಘಾತದಂತೆ. ದ ಲಾ ವಾಲೆ ಪೂಸೆನ್ ಕರ್ನಲ್ (ಅದರ ಆಕಾರ ಮುಂದೆ ಬರುತ್ತದೆ) ಬಳಸಿದರೆ ಎನ್ ಎಷ್ಟೇ ಬೆಳೆದರೂ ಅದು ಒಂದು ಮಿತಿಯೊಳಗೇ ಇರುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದು ಮಾತ್ರ ನಿಜವಾಗಿ ಅಪಾಯ. ಬಿಂದುಗಳಲ್ಲಿ ಎರರ್ 10⁻¹⁵ ಇದೆ ಎಂದು ನೆಮ್ಮದಿಯಾಗಿರುತ್ತೀರಿ, ಬಿಂದುಗಳ ನಡುವೆ ಅದು ಎಷ್ಟಾದರೂ ಇರಬಹುದು. ಎರರ್ ಅಳೆಯುವುದು ಯಾವಾಗಲೂ ಗ್ರಿಡ್‌ನಲ್ಲಿ ಇಲ್ಲದ ಬಿಂದುಗಳಲ್ಲಿ.

ಲಕ್ಷಣ: ಅಂಚಿನ ಹತ್ತಿರ ಏರಿಳಿತ, ನಡುವೆ ಪರವಾಗಿಲ್ಲ

ಮೊದಲು ಅಗ್ಗದ ಕಾರಣ ನೋಡಿ. ಸಮ ಅಂತರದ ಬಿಂದುಗಳನ್ನು ಕೊಡುವ ನಮ್‌ಪೈನ ಲಿನ್‌ಸ್ಪೇಸ್ ಎರಡೂ ತುದಿಯನ್ನು ಸೇರಿಸುತ್ತದೆ. ಆದರೆ ಆವರ್ತಕ ಫಂಕ್ಷನ್‌ಗೆ 0 ಮತ್ತು 2 ಪೈ ಒಂದೇ ಬಿಂದು. ನೀವು ಅದನ್ನು ಎರಡು ಸಲ ಎಣಿಸಿದ್ದೀರಿ, ಅಂತರವೂ ತಪ್ಪಿದೆ. ಎಂಡ್‌ಪಾಯಿಂಟ್ ಬೇಡ ಎಂದು ಹೇಳಿದರೆ ಸರಿಹೋಗುತ್ತದೆ. ಈ ತಪ್ಪಿಗೆ ಒಂದು ಗುರುತು ಇದೆ: (1,0) ಅಲೆ ಕೂಡ ಸರಿ ಬರುವುದಿಲ್ಲ, ಮತ್ತು ಎನ್ ಇಮ್ಮಡಿ ಮಾಡಿದಾಗಲೆಲ್ಲ ಎರರ್ ಹೆಚ್ಚುಕಡಿಮೆ ಅರ್ಧವಾಗುತ್ತದೆ.

ಒಂಟಿ ಅಲೆ ಸರಿ ಬಂದು ನಿಮ್ಮ ಫಂಕ್ಷನ್ ಮಾತ್ರ ಅಂಚಿನಲ್ಲಿ ಕುಣಿಯುತ್ತಿದ್ದರೆ, ಆ ಫಂಕ್ಷನ್ ನಿಜವಾಗಿ ಆವರ್ತಕ ಅಲ್ಲ. ಎಡ ಅಂಚು ಮತ್ತು ಬಲ ಅಂಚಿನ ಬೆಲೆಗಳನ್ನು ಪಕ್ಕಪಕ್ಕ ಬರೆದು ನೋಡಿ, ಆಮೇಲೆ ಇಳಿಜಾರನ್ನೂ ನೋಡಿ. ಬೆಲೆಯೇ ಜಿಗಿದರೆ ಆ ದಿಕ್ಕಿನಲ್ಲಿ ಸಹಗುಣಕಗಳು ಫ್ರೀಕ್ವೆನ್ಸಿಯ ವಿಲೋಮದಂತೆ ನಿಧಾನಕ್ಕೆ ಇಳಿಯುತ್ತವೆ. ಬೆಲೆ ಕೂಡಿ ಇಳಿಜಾರು ಮಾತ್ರ ಮುರಿದರೆ ಅದರ ವರ್ಗದ ವಿಲೋಮದಂತೆ. ಜಿಗಿತ ಇದ್ದಾಗ ಫೂರಿಯೆ ಭಾಗಶಃ ಮೊತ್ತ ಜಿಗಿತದ ಸುಮಾರು 9% ಮೇಲೆ ಹಾರುತ್ತದೆ, ಎನ್ ಎಷ್ಟು ಮಾಡಿದರೂ ಆ ಹಾರಾಟ ಹೋಗುವುದಿಲ್ಲ. ಫ್ರೀಕ್ವೆನ್ಸಿ ಏರಿದಂತೆ ಅಲೆಯನ್ನು ಹೆಚ್ಚು ಕುಗ್ಗಿಸುವ ಫೆಯೆರ್ ಕರ್ನಲ್ ಹಾರಾಟವನ್ನು ನಿಲ್ಲಿಸುತ್ತದೆ, ಬದಲಿಗೆ ಜಿಗಿತವನ್ನು ಮಸುಕು ಮಾಡುತ್ತದೆ.

ಪರಿಹಾರಕ್ಕೆ ಎರಡು ದಾರಿ. ಜಿಗಿತಕ್ಕೆ ಕಾರಣವಾದ ಸರಳ ಬಹುಪದವನ್ನು ಮೊದಲೇ ಕಳೆದು, ಉಳಿದದ್ದನ್ನು ಅಂದಾಜು ಮಾಡಿ, ಕೊನೆಗೆ ಬಹುಪದವನ್ನು ಸೇರಿಸುವುದು. ಇಲ್ಲವೇ ಪ್ರತಿ ದಿಕ್ಕಿನಲ್ಲಿ ಫಂಕ್ಷನ್‌ನ ಪ್ರತಿಬಿಂಬ ಸೇರಿಸಿ ಆವರ್ತವನ್ನು ಎರಡರಷ್ಟು ಮಾಡುವುದು. ಎರಡನೆಯದು ಸುಲಭ. ಆದರೆ ಜಿಗಿತ ಹೋಗಿ ಇಳಿಜಾರಿನ ಮುರಿತ ಉಳಿಯುತ್ತದೆ, ಜೊತೆಗೆ ಬಿಂದುಗಳು ಪ್ರತಿ ದಿಕ್ಕಿಗೆ ಇಮ್ಮಡಿಯಾಗುತ್ತವೆ. ನನ್ನ ಮಟ್ಟಿಗೆ, 3 ಆಯಾಮದ ಮೇಲೆ ಮೊದಲನೆಯ ದಾರಿಯೇ ಮೇಲು.

ಲಕ್ಷಣ: ರಿಯಲ್ ಫಂಕ್ಷನ್ ಕೊಟ್ಟೆ, ಕಾಂಪ್ಲೆಕ್ಸ್ ಉತ್ತರ ಬಂತು

ಕಾಲ್ಪನಿಕ ಭಾಗ 10⁻¹⁶ ಆಸುಪಾಸು ಇದ್ದರೆ ಅದು ದುಂಡಾಗಿಸುವಿಕೆಯ ಕಸ, ಬಿಡಿ. ದೊಡ್ಡದಿದ್ದರೆ ಫ್ರೀಕ್ವೆನ್ಸಿಗಳ ಗುಂಪು ಸಮತೋಲವಾಗಿಲ್ಲ: ಒಂದು ಫ್ರೀಕ್ವೆನ್ಸಿ ಒಳಗಿದೆ, ಅದರ ಋಣ ಜೋಡಿ ಹೊರಗಿದೆ. ಎನ್ ಸಮಸಂಖ್ಯೆ ಆದಾಗ ಎನ್‌ನ ಅರ್ಧದ ಫ್ರೀಕ್ವೆನ್ಸಿಯಲ್ಲಿ ಹೀಗಾಗುತ್ತದೆ. ಅದನ್ನು ಧನ ಋಣ ಎರಡಕ್ಕೂ ಸಮನಾಗಿ ಹಂಚಿ, ಇಲ್ಲವೇ ಬೆಸಸಂಖ್ಯೆಯ ಎನ್ ತೆಗೆದುಕೊಳ್ಳಿ. ಕಾಲ್ಪನಿಕ ಭಾಗವನ್ನು ನೋಡದೆ ಕತ್ತರಿಸಿ ಹಾಕಬೇಡಿ. ಅದು ನಿಮಗೆ ಸಿಕ್ಕ ಸುಳಿವು, ಅಲ್ವಾ?

ಲಕ್ಷಣ: ಎನ್ ಜಾಸ್ತಿ ಮಾಡಿದರೂ ಎರರ್ ಇಳಿಯಬೇಕಾದಷ್ಟು ಇಳಿಯುತ್ತಿಲ್ಲ

ಹೆಚ್ಚು ಜನ ಬಳಲುವುದು ಇಲ್ಲೇ. ಹಾಗಾಗಿ ಇಲ್ಲಿ ನಿಧಾನವಾಗಿ ಹೋಗೋಣ.

ಎನ್ 16, 32, 64 ಕ್ಕೆ ಎರರ್ ಬರೆದುಕೊಳ್ಳಿ. ಒಂದನ್ನು ಅದರ ಮುಂದಿನದರಿಂದ ಭಾಗಿಸಿ. ಎರರ್ ಎನ್‌ನ ಎಷ್ಟನೇ ಘಾತದ ವಿಲೋಮದಂತೆ ಇಳಿಯುತ್ತದೋ ಅದೇ ಕ್ರಮ: 2 ಬಂದರೆ ಕ್ರಮ 1, 4 ಬಂದರೆ ಕ್ರಮ 2, 16 ಬಂದರೆ ಕ್ರಮ 4. ಎರರ್ ಆಗಲೇ 10⁻¹⁴ ತಲುಪಿದ್ದರೆ ಅನುಪಾತ ನೋಡಬೇಡಿ, ಡಬಲ್ ಪ್ರಿಸಿಷನ್ ಅಷ್ಟಕ್ಕೇ ಮುಗಿಯಿತು. ಸಿಂಗಲ್ ಪ್ರಿಸಿಷನ್‌ನಲ್ಲಿ 10⁻⁷ ಹತ್ತಿರವೇ ಗೋಡೆ ಸಿಗುತ್ತದೆ. ಅರೇ ಯಾವ ಬಗೆಯದು ಎಂದು ಒಮ್ಮೆ ನೋಡಿಕೊಳ್ಳಿ.

ಈಗ ಅಪರಾಧಿ ಫಂಕ್ಷನ್ನೋ ಕರ್ನಲ್ಲೋ? ಬಹಳ ನಯವಾದ ಫಂಕ್ಷನ್ ಒಂದನ್ನು ಕೊಟ್ಟು ನೋಡಿ. ಎಕ್ಸ್‌ನ ಕೊಸೈನ್ ಮತ್ತು ವೈನ ಕೊಸೈನ್ ಕೂಡಿಸಿ, ಆ ಮೊತ್ತದ ಎಕ್ಸ್‌ಪೊನೆನ್ಶಿಯಲ್ ತೆಗೆದುಕೊಂಡರೆ ಸಾಕು. ಅದಕ್ಕೆ ಒಳ್ಳೆಯ ಕ್ರಮ ಬಂದರೆ ನಿಮ್ಮ ಫಂಕ್ಷನ್‌ನಲ್ಲೇ ಎಲ್ಲೋ ಮುರಿತ ಇದೆ. ಉದಾಹರಣೆಗೆ ಸೈನ್‌ನ ಋಣ ಭಾಗವನ್ನು ಮೇಲಕ್ಕೆ ಮಡಚಿದರೆ ಮಡಿಕೆಯ ಹತ್ತಿರ ಎರರ್ 1 ಭಾಗ ಎನ್‌ನಂತೆಯೇ ಇಳಿಯುತ್ತದೆ. ಯಾವ ಕರ್ನಲ್ ತಂದರೂ ಅದನ್ನು ವೇಗ ಮಾಡಲಾಗದು.

ನಯವಾದ ಫಂಕ್ಷನ್‌ಗೂ ಕ್ರಮ ಕಡಿಮೆಯೇ ಬಂದರೆ ಕರ್ನಲ್ ನೋಡಿ.

ಕ್ರಮ 1 ಎಂದರೆ ಸಾಮಾನ್ಯವಾಗಿ ಫೆಯೆರ್ ಕರ್ನಲ್, ಸರಿದಾಟ, ಅಥವಾ ಮೇಲೆ ಹೇಳಿದ ತುದಿಬಿಂದುವಿನ ತಪ್ಪು. ಫೆಯೆರ್ ಕರ್ನಲ್ ಫ್ರೀಕ್ವೆನ್ಸಿ ಏರಿದಂತೆ ಸಹಗುಣಕವನ್ನು ನೇರ ಗೆರೆಯಲ್ಲಿ ಕುಗ್ಗಿಸುತ್ತದೆ. ಫಂಕ್ಷನ್ ಎಷ್ಟು ನಯವಾಗಿದ್ದರೂ ಅದು ಕ್ರಮ 1 ನ್ನು ದಾಟುವುದಿಲ್ಲ.

ಕ್ರಮ 2 ರಲ್ಲೇ ನಿಂತಿದೆ, ಆದರೆ ಬಳಸಿದ್ದು ಕ್ಯೂಬಿಕ್ ಬಿ-ಸ್ಪ್ಲೈನ್, 4 ಬರಬೇಕಿತ್ತು. ಇದು ತುಂಬಾ ಸಾಮಾನ್ಯ. ಸ್ಯಾಂಪಲ್‌ಗಳನ್ನು ನೇರವಾಗಿ ಸಹಗುಣಕಗಳಾಗಿ ಬಳಸಿದ್ದೀರಿ. ಬಿ-ಸ್ಪ್ಲೈನ್ ಸೋರಿಕೆಯನ್ನು ಕ್ರಮ 4 ರಲ್ಲಿ ತಡೆಯುತ್ತದೆ, ಸ್ಟ್ರ್ಯಾಂಗ್-ಫಿಕ್ಸ್ ಷರತ್ತು ಹೇಳುವುದು ಅದನ್ನೇ. ಆದರೆ ಕೊಟ್ಟ ಫ್ರೀಕ್ವೆನ್ಸಿಯಲ್ಲಿ ಅಲೆ ಕ್ರಮ 2 ರಲ್ಲಿ ಕುಗ್ಗುತ್ತದೆ. ಎನ್ 16 ಇದ್ದಾಗ (1,0) ಅಲೆ ಸುಮಾರು 2.5% ಕುಗ್ಗಿರುವುದು ಕಾಣುತ್ತದೆ, 32 ಕ್ಕೆ ಸುಮಾರು 0.64%. ಪರಿಹಾರ ಅಗ್ಗ: ಪ್ರತಿ ಬಿಂದುವಿನಲ್ಲಿ ಅಲ್ಲಿನ ಸ್ಯಾಂಪಲ್‌ನ 8 ಪಟ್ಟು ತೆಗೆದುಕೊಂಡು, ಎಡ ಬಲದ ಸ್ಯಾಂಪಲ್‌ಗಳನ್ನು ಕಳೆದು, 6 ರಿಂದ ಭಾಗಿಸಿ. ಆ ಸಂಖ್ಯೆಯನ್ನೇ ಕರ್ನಲ್‌ನ ಸಹಗುಣಕವಾಗಿ ಬಳಸಿ. ಕುಗ್ಗುವಿಕೆಯ ಮೊದಲ ಪದ ಅಳಿಸಿಹೋಗಿ ಕ್ರಮ 4 ಸಿಗುತ್ತದೆ.

ಹಲವು ಚರಗಳಲ್ಲಿ ಈ ತಿದ್ದುಪಡಿಯನ್ನು ಪ್ರತಿ ದಿಕ್ಕಿನಲ್ಲೂ ಒಂದಾದ ಮೇಲೆ ಒಂದರಂತೆ ಮಾಡಬೇಕು. ಒಂದು ದಿಕ್ಕು ಬಿಟ್ಟುಹೋದರೂ ಇಡೀ ಉತ್ತರ ಕ್ರಮ 2 ಕ್ಕೆ ಬೀಳುತ್ತದೆ. (1,0) ಕ್ಕೆ 4 ಬಂದು (0,1) ಕ್ಕೆ 2 ಬಂದರೆ ಬಿಟ್ಟುಹೋದ ದಿಕ್ಕು ಯಾವುದೆಂದು ಗೊತ್ತಾಯಿತು. ಅಕ್ಕಪಕ್ಕದ ಬಿಂದು ಹುಡುಕುವಾಗ ಅಂಚಿನಲ್ಲಿ ಸುತ್ತು ಹಾಕಿ ಇನ್ನೊಂದು ತುದಿಗೆ ಹೋಗಬೇಕು ಎಂಬುದನ್ನೂ ಮರೆಯಬೇಡಿ.

ಸ್ಯಾಂಪಲ್‌ಗಳು ಬಿಂದುವಿನ ಬೆಲೆಗಳಲ್ಲ, ಚೌಕದ ಸರಾಸರಿಗಳು ಎಂದಿದ್ದರೆ ಇನ್ನೊಂದು ಕುಗ್ಗುವಿಕೆ ಸೇರಿಕೊಳ್ಳುತ್ತದೆ. ಸರಾಸರಿ ತೆಗೆಯುವುದೇ ಅಲೆಯನ್ನು ಕ್ರಮ 2 ರಲ್ಲಿ ಕುಗ್ಗಿಸುತ್ತದೆ. ಬಿಂದುಗಳಿಗೆಂದು ಮಾಡಿದ ತಿದ್ದುಪಡಿ ಇದಕ್ಕೆ ಸಾಲದು. ಸ್ಯಾಂಪಲ್ ತೆಗೆದ ರೀತಿ ಮತ್ತು ಕರ್ನಲ್ ಎರಡನ್ನೂ ಗುಣಿಸಿದಾಗ ಚಿಕ್ಕ ಫ್ರೀಕ್ವೆನ್ಸಿಗಳಲ್ಲಿ 1 ಬರಬೇಕು. ಇದೊಂದು ವಾಕ್ಯ ನೆನಪಿದ್ದರೆ ಕ್ವಾಸಿ-ಇಂಟರ್‌ಪೊಲೇಶನ್‌ನ ಅರ್ಧ ಸಿದ್ಧಾಂತ ಕೈಯಲ್ಲಿದ್ದಂತೆ.

ಲಕ್ಷಣ: ಮೂಲದಲ್ಲಿ ಇಲ್ಲದ ದೊಡ್ಡ ಅಲೆಗಳು ಕಾಣುತ್ತಿವೆ

ಇದು ಸೋರಿಕೆಯ ಮನೆತನ. 8 ಬಿಂದುಗಳ ಮೇಲೆ ಫ್ರೀಕ್ವೆನ್ಸಿ 9 ರ ಸೈನ್ ಮತ್ತು ಫ್ರೀಕ್ವೆನ್ಸಿ 1 ರ ಸೈನ್ ಒಂದೇ ಸ್ಯಾಂಪಲ್‌ಗಳನ್ನು ಕೊಡುತ್ತವೆ. ವೇಗದ ಅಲೆ ನಿಧಾನದ ಅಲೆಯ ವೇಷ ಹಾಕಿ ಬರುತ್ತದೆ. ಪರೀಕ್ಷೆ ಸುಲಭ: ಎನ್ 32 ರ ಬದಲು 33 ಮಾಡಿ. ಅನುಮಾನದ ಅಲೆ ಜಾಗ ಬದಲಿಸಿದರೆ ಅದು ವೇಷ. ಅಲ್ಲೇ ನಿಂತರೆ ನಿಜ.

ಕರ್ನಲ್‌ನಿಂದಲೂ ಹೀಗಾಗಬಹುದು. ದ ಲಾ ವಾಲೆ ಪೂಸೆನ್ ಕರ್ನಲ್‌ನಲ್ಲಿ ಒಂದು ಸಮತಟ್ಟು ಭಾಗ, ಆಮೇಲೆ ಇಳಿಜಾರು ಇರುತ್ತದೆ. 32 ಬಿಂದುಗಳಿದ್ದು ಸಮತಟ್ಟು 10 ರವರೆಗೆ ಇದ್ದರೆ ಇಳಿಜಾರು 22 ಕ್ಕೆ ಸೊನ್ನೆ ಮುಟ್ಟಬೇಕು. 26 ರವರೆಗೆ ಎಳೆದರೆ ಫ್ರೀಕ್ವೆನ್ಸಿ 10 ರ ಅಲೆ -22 ರಲ್ಲೂ ಕಾಣಿಸುತ್ತದೆ. ಸರಿಯಾಗಿ ಕಟ್ಟಿದ್ದರೆ 10 ರೊಳಗಿನ ಪ್ರತಿ ಅಲೆಯೂ ದುಂಡಾಗಿಸುವಿಕೆಯಷ್ಟು ಮಾತ್ರ ತಪ್ಪಿನೊಂದಿಗೆ ಹಿಂದಿರುಗುತ್ತದೆ. ನಯವಾದ ಫಂಕ್ಷನ್‌ಗಳಿಗೆ ನಾನು ಮೊದಲು ಕೈ ಹಾಕುವುದು ಈ ಕರ್ನಲ್‌ಗೇ.

ಚೌಕ ಗ್ರಿಡ್ ಬಿಟ್ಟು ಲ್ಯಾಟಿಸ್ (ಒಂದೇ ದಿಕ್ಕಿನಲ್ಲಿ ಸಮ ಹೆಜ್ಜೆ ಹಾಕುತ್ತಾ, ಅಂಚಿನಲ್ಲಿ ಸುತ್ತು ಹಾಕಿ ಸಿಗುವ ಬಿಂದುಗಳು) ಬಳಸಿದ್ದರೆ ವೇಷದ ಲೆಕ್ಕವೇ ಬೇರೆ. 13 ಬಿಂದುಗಳು, ಸಾಗುವ ದಿಕ್ಕು (1,8) ಎಂದುಕೊಳ್ಳಿ. ಫ್ರೀಕ್ವೆನ್ಸಿಯನ್ನು ಈ ದಿಕ್ಕಿನೊಂದಿಗೆ ಗುಣಿಸಿ ಕೂಡಿಸಿ, 13 ರಿಂದ ಭಾಗಿಸಿದಾಗ ಶೇಷ ಒಂದೇ ಬಂದರೆ ಅವೆರಡು ಬೇರೆಬೇರೆಯಾಗಿ ಕಾಣುವುದಿಲ್ಲ. (0,1) ಮತ್ತು (-5,0) ಎರಡಕ್ಕೂ ಶೇಷ 8. ನಿಮಗೆ ಬೇಕಾದ ಎಲ್ಲ ಫ್ರೀಕ್ವೆನ್ಸಿಗಳ ಶೇಷ ಬರೆದು, ಯಾವ ಎರಡೂ ಒಂದಾಗಿಲ್ಲ ಎಂದು ಖಚಿತ ಮಾಡಿಕೊಳ್ಳಿ.

ಲಕ್ಷಣ: ಮೂಲ ಎಲ್ಲೂ ಸೊನ್ನೆಗಿಂತ ಕೆಳಗಿಲ್ಲ, ಉತ್ತರ ಕೆಳಗೆ ಹೋಗುತ್ತಿದೆ

ಸಾಂದ್ರತೆಯಂಥ ಫಂಕ್ಷನ್‌ಗೆ ಇದು ತಲೆನೋವು. ಕರ್ನಲ್‌ನಲ್ಲಿ ಋಣ ಭಾಗಗಳಿವೆ, ಅದಕ್ಕೆ ಹೀಗಾಗುತ್ತದೆ. ಎಲ್ಲೂ ಋಣವಾಗದ ಕರ್ನಲ್ ಬೇಕೆಂದರೆ ಕ್ರಮ 2 ಕ್ಕಿಂತ ಮೇಲೆ ಹೋಗಲಾಗದು, ಇದು ಗಣಿತಜ್ಞ ಕೊರೊವ್ಕಿನ್ ತೋರಿಸಿದ ಮಿತಿ. ಎಲ್ಲೂ ಋಣವಾಗದ ಜಾಕ್ಸನ್ ಕರ್ನಲ್ ಈ ಮಿತಿಯನ್ನು ಮುಟ್ಟುತ್ತದೆ. ಧನವಾಗಿರುವುದು ಮುಖ್ಯವೋ ನಿಖರತೆಯೋ, ಒಂದನ್ನು ಆರಿಸಬೇಕು. ಋಣ ಬಂದ ಕಡೆಯೆಲ್ಲ 0 ಇಟ್ಟರೆ ಒಟ್ಟು ಮೊತ್ತ ಕೆಡುತ್ತದೆ ಎಂಬ ಎಚ್ಚರ ಇರಲಿ.

ಲಕ್ಷಣ: ಆಯಾಮ ಏರಿದಂತೆ ಕಂಪ್ಯೂಟರ್ ಕೈಕೊಡುತ್ತಿದೆ

ಪ್ರತಿ ದಿಕ್ಕಿಗೆ 32 ಬಿಂದು, 6 ಆಯಾಮ: 1,07,37,41,824 ಬಿಂದುಗಳು. ಡಬಲ್ ಪ್ರಿಸಿಷನ್‌ನಲ್ಲಿ ಸ್ಯಾಂಪಲ್‌ಗಳಿಗೇ 8 ಗಿಗಾಬೈಟ್ ದಾಟುತ್ತದೆ. ಎಫ್ಎಫ್‌ಟಿಯ ಕಾಂಪ್ಲೆಕ್ಸ್ ಪ್ರತಿಗೆ ಅದರ ಎರಡರಷ್ಟು. ಓಡಿಸುವ ಮೊದಲು ಈ ಗುಣಾಕಾರ ಮಾಡಿ. ಬೇರೆಯವರೂ ಬಳಸುವ ಯಂತ್ರವಾದರೆ ಅವರ ಕೆಲಸವೂ ನಿಮ್ಮಿಂದ ನಿಲ್ಲಬಹುದು.

ಗಣಿತಜ್ಞ ಸ್ಮೋಲ್ಯಾಕ್ 1963 ರಲ್ಲಿ ತೋರಿಸಿದ ವಿರಳ ಗ್ರಿಡ್ (ಇಡೀ ಗ್ರಿಡ್ ಬದಲು ಆಯ್ದ ಕೆಲವೇ ಬಿಂದುಗಳು) ಇಲ್ಲಿ ನೆರವಿಗೆ ಬರುತ್ತದೆ. ಆದರೆ ಮಿಶ್ರ ಡೆರಿವೇಟಿವ್‌ಗಳು (ಹಲವು ಚರಗಳಲ್ಲಿ ಒಟ್ಟಿಗೆ ತೆಗೆದವು) ಹದ್ದಿನಲ್ಲಿರುವ ಫಂಕ್ಷನ್‌ಗೆ ಮಾತ್ರ. ಎಕ್ಸ್ ಮತ್ತು ವೈ ಕೂಡಿಸಿ, 20 ರಿಂದ ಗುಣಿಸಿ, ಸೈನ್ ತೆಗೆದರೆ ಫ್ರೀಕ್ವೆನ್ಸಿ (20,20). ವಿರಳ ಗ್ರಿಡ್ ಎರಡರ ಗುಣಲಬ್ಧವನ್ನು ನೋಡುತ್ತದೆ, ಅದು 400. ಓರೆಯಾಗಿ ಓಡುವ ಅಲೆಗಳು ಹೀಗೆ ಕೈ ತಪ್ಪುತ್ತವೆ. ಅಂಥ ಫಂಕ್ಷನ್‌ಗೆ ಅಕ್ಷ ತಿರುಗಿಸಿ ನೋಡಿ, ಅಥವಾ ಗ್ರಿಡ್ ಅನ್ನೇ ಆ ದಿಕ್ಕಿಗೆ ಹೊಂದುವ ಮ್ಯಾಟ್ರಿಕ್ಸ್‌ನಿಂದ ಕಟ್ಟಿ.

ಯಾವಾಗ ನಿಲ್ಲಿಸಿ ಕೇಳಬೇಕು

ಒಂಟಿ ಅಲೆಗಳೆಲ್ಲ ಸರಿ, ನಯವಾದ ಫಂಕ್ಷನ್‌ಗೂ ಕ್ರಮ ಸರಿ, ನಿಮ್ಮ ಫಂಕ್ಷನ್ ಮಾತ್ರ ಬಗ್ಗುತ್ತಿಲ್ಲ ಎಂದಾದರೆ ಕೋಡ್ ಕೆದಕುವುದನ್ನು ನಿಲ್ಲಿಸಿ. ಫಂಕ್ಷನ್ ಒಳಗೆ ಜಿಗಿತ ಇದೆ, ಅಥವಾ ಸ್ಯಾಂಪಲ್‌ಗಳಲ್ಲಿ ಗದ್ದಲ ಇದೆ. ಗದ್ದಲ ಇದ್ದರೆ ಎರರ್ ಗದ್ದಲದ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಗದ್ದಲವಾದರೆ 100 ಸ್ಯಾಂಪಲ್‌ಗಳ ಸರಾಸರಿ ಅದನ್ನು 10 ನೇ ಒಂದು ಭಾಗಕ್ಕೆ ಇಳಿಸುತ್ತದೆ, ಅಷ್ಟೇ.

ಅಂದಾಜು ಸಿದ್ಧಾಂತ ಅಥವಾ ನ್ಯೂಮರಿಕಲ್ ಅನಾಲಿಸಿಸ್ ಬಲ್ಲವರ ಹತ್ತಿರ ಹೋಗುವಾಗ ಇವನ್ನು ಜೊತೆಗೆ ಒಯ್ಯಿರಿ: ಆಯಾಮ ಮತ್ತು ಎನ್, ಕರ್ನಲ್ ಯಾವುದು, ಸ್ಯಾಂಪಲ್ ಬಿಂದುವಿನದೋ ಸರಾಸರಿಯೋ, 5 ಒಂಟಿ ಅಲೆಗಳ ಫಲಿತಾಂಶ, ಮತ್ತು 3 ಎನ್‌ಗಳಿಗೆ ಎರರ್ ಹಾಗೂ ಅದರ ಅನುಪಾತ. ಎರರ್ ಅಳೆದದ್ದು ಗರಿಷ್ಠ ಬೆಲೆಯಲ್ಲೋ ವರ್ಗಗಳ ಸರಾಸರಿಯಲ್ಲೋ ಎಂದೂ ಬರೆಯಿರಿ, ಒಂದೇ ಉತ್ತರಕ್ಕೆ ಎರಡರಲ್ಲೂ ಬೇರೆ ಕ್ರಮ ಬರಬಹುದು.